ಯಾರ ಆಜ್ಞೆ, ಯಾರ ಕೈ

(ಮಡಿಕೇರಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಮಾಜಿ ಸೈನಿಕರ ಕುಟುಂಬದವರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ರೂಪ)

1942ರ ಏಪ್ರಿಲ್ 8. ಫಿಲಿಪ್ಪೀನ್ಸ್‌ನ ಬಟಾನ್ ಪರ್ಯಾಯ ದ್ವೀಪ. ಅಮೆರಿಕದ ಸೇನೆ ಅಲ್ಲಿ ಎರಡು ಆಸ್ಪತ್ರೆಗಳನ್ನು ನಡೆಸುತ್ತಿತ್ತು. ಎರಡನೆಯದಕ್ಕೆ ಗೋಡೆಯೂ ಇಲ್ಲ, ಸೂರೂ ಇಲ್ಲ. ಕಾಡಿನ ಮರಗಳ ಕೆಳಗೆ ಸಾಲಾಗಿ ಹಾಸಿಗೆಗಳನ್ನು ಹಾಕಿ ಅದನ್ನೇ ವಾರ್ಡ್ ಎನ್ನುತ್ತಿದ್ದರು. ಗಾಯಾಳುಗಳ ನಡುವೆ ಮಲೇರಿಯಾದವರು, ಆಮಶಂಕೆಯವರು. ತಿಂಗಳುಗಳಿಂದ ಎಲ್ಲರಿಗೂ ಅರೆಹೊಟ್ಟೆ. ಜಪಾನಿನ ಸೇನೆ ಸಮೀಪಿಸುತ್ತಿದ್ದಾಗ ಒಂದು ಆಜ್ಞೆ ಬಂತು. ನರ್ಸುಗಳು ಕೂಡಲೇ ಹೊರಟು ಎದುರಿನ ಕೊರೆಗಿಡಾರ್ ದ್ವೀಪ ಸೇರಬೇಕು. ವೈದ್ಯರು ಉಳಿಯುತ್ತಾರೆ. ರೋಗಿಗಳು ಉಳಿಯುತ್ತಾರೆ, ಸಾವಿರಾರು ಮಂದಿ.

ನರ್ಸುಗಳು ಹೊರಟರು. ಒಂದು ತಿಂಗಳೊಳಗೆ ಕೊರೆಗಿಡಾರ್ ಕೂಡ ಬಿತ್ತು. ಅವರಲ್ಲಿ ಬಹುಪಾಲು ಮಂದಿ ಸುಮಾರು ಮೂರು ವರ್ಷ ಜಪಾನೀಯರ ಸೆರೆಯಲ್ಲಿದ್ದರು. ಸೇನೆಯವರು, ನೌಕಾಪಡೆಯವರು ಸೇರಿ 77 ಅಮೆರಿಕನ್ ನರ್ಸುಗಳು ಸೆರೆಯಲ್ಲಿದ್ದರು. ಎಲ್ಲರೂ 1945ರಲ್ಲಿ ಜೀವಸಹಿತ ಹೊರಬಂದರು. ಸೆರೆಯಲ್ಲಿ ಹಸಿವು ಇತ್ತು, ಪೌಷ್ಟಿಕಾಂಶದ ಕೊರತೆಯಿಂದ ಬರುವ ಬೆರಿಬೆರಿ ಕಾಯಿಲೆ ಇತ್ತು, ಪಕ್ಕದವರ ಸಾವು ಇತ್ತು. ಆದರೂ ಮುಪ್ಪಿನಲ್ಲಿ ಅವರನ್ನು ಮಾತನಾಡಿಸಿದಾಗ ಹಲವರು ಮತ್ತೆ ಮತ್ತೆ ಮರಳಿದ್ದು ಆ ಏಪ್ರಿಲ್ ರಾತ್ರಿಗೆ. ರೋಗಿಯನ್ನು ಬಿಟ್ಟು ಎದ್ದು ಬಂದೆವಲ್ಲ, ಎಂಬುದಕ್ಕೆ.

ಅವರು ಮಾಡಿದ ತಪ್ಪೇನು? ಏನೂ ಇಲ್ಲ. ಮಿಲಿಟರಿಯಲ್ಲಿದ್ದರು, ಆಜ್ಞೆ ಬಂತು, ಪಾಲಿಸಿದರು. ಆಜ್ಞೆ ಕೊಟ್ಟವರ ಉದ್ದೇಶವೂ ಕೆಟ್ಟದ್ದಲ್ಲ, ಈ ಹೆಂಗಸರ ಗತಿ ಏನಾದೀತು ಎಂಬ ಭಯವೇ ಅದಕ್ಕೆ ಕಾರಣ. ಹೀಗಿದ್ದೂ ಐವತ್ತು ವರ್ಷ ಕಾಡಿತು. ಇದನ್ನು ಭಯದ ಕಾಯಿಲೆ ಎನ್ನಲು ಬರುವುದಿಲ್ಲ. ಯುದ್ಧ ಕಂಡವರ ಮನಸ್ಸಿನ ಬಗ್ಗೆ ನಾವು ಮಾತನಾಡುವಾಗಲೆಲ್ಲ ಬಾಂಬಿನ ಸದ್ದು, ರಕ್ತ, ಕೆಟ್ಟ ಕನಸು ಎನ್ನುತ್ತೇವೆ. ಅವೆಲ್ಲ ನಿಜವೇ. ಆದರೆ ನರ್ಸುಗಳ, ತುಕಡಿಯ ಜೊತೆ ಹೋಗುವ ವೈದ್ಯಕೀಯ ಸಹಾಯಕರಾದ ಮೆಡಿಕ್‌ಗಳ ಸಂಗತಿಯಲ್ಲಿ ಇನ್ನೊಂದು ಇದೆ. ಬೇರೆ ಯಾರೋ, ಬೇರೆಲ್ಲೋ ಕುಳಿತು ಮಾಡಿದ ನಿರ್ಧಾರ ಇವರ ಕೈಯ ಮೂಲಕ ರೋಗಿಗೆ ತಲುಪುತ್ತದೆ. ನಿರ್ಧಾರ ಮಾಡಿದವರಿಗೆ ರೋಗಿಯ ಮುಖ ಕಾಣುವುದಿಲ್ಲ. ಇವರಿಗೆ ಕಾಣುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟನ್ನೇ.

ಬಟಾನಿನ ಕಥೆಯಲ್ಲಿ ಒಬ್ಬ ಹೆಂಗಸಿನ ಹೆಸರು ಹೇಳದೆ ಮುಂದೆ ಹೋಗಲಾರೆ. ಜೋಸೆಫಿನ್ ನೆಸ್ಬಿಟ್, ಎರಡನೇ ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ. ಆಜ್ಞೆ ಬಂದಾಗ ಅದು ಅಮೆರಿಕನ್ ನರ್ಸುಗಳಿಗೆ ಮಾತ್ರ ಎಂದಾಯಿತು. ಜೊತೆಯಲ್ಲಿ ದುಡಿದ ಫಿಲಿಪ್ಪೀನ್ಸ್‌ನ ನರ್ಸುಗಳನ್ನು ಬಿಟ್ಟು ತಾನು ಹೋಗುವುದಿಲ್ಲ ಎಂದು ಆಕೆ ಹಟ ಹಿಡಿದರು. ಮೇಲಿನವರು ಒಪ್ಪಬೇಕಾಯಿತು. ರೋಗಿಗಳ ವಿಷಯದಲ್ಲಿ ಅವರ ಕೈಯಲ್ಲಿ ಏನೂ ಇರಲಿಲ್ಲ, ಈ ಒಂದು ವಿಷಯದಲ್ಲಿ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನರ್ಸಿಂಗ್ ಓದುತ್ತಿರುವ ನಿಮಗೆಲ್ಲ ಟ್ರಯಾಜ್ ಗೊತ್ತು. ಗಾಯಾಳುಗಳು ಒಮ್ಮೆಲೇ ಬಂದಾಗ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ವಿಂಗಡಿಸುವುದು. ಪುಸ್ತಕದಲ್ಲಿ ಅದು ಬಣ್ಣದ ಚೀಟಿಗಳ ಪಟ್ಟಿ. ವಿಯೆಟ್ನಾಂನಲ್ಲಿ ಅದು ಏನಾಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಲ್ಲಿ ಸುಮಾರು 11,000 ಅಮೆರಿಕನ್ ಮಿಲಿಟರಿ ಮಹಿಳೆಯರು ಕೆಲಸ ಮಾಡಿದರು, ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನರ್ಸುಗಳು. ಬಹಳಷ್ಟು ಜನ ಇಪ್ಪತ್ತರ ಆಸುಪಾಸಿನವರು, ಕಾಲೇಜು ಮುಗಿಸಿ ಹೆಚ್ಚು ದಿನ ಆಗಿರಲಿಲ್ಲ. ಆ ಯುದ್ಧದ ದೊಡ್ಡ ಬದಲಾವಣೆ ಹೆಲಿಕಾಪ್ಟರ್. ಹಿಂದಿನ ಯುದ್ಧಗಳಲ್ಲಿ ಆಸ್ಪತ್ರೆಗೆ ಬರುವ ದಾರಿಯಲ್ಲೇ ಪ್ರಾಣ ಬಿಡುತ್ತಿದ್ದವರು ಇಲ್ಲಿ ಉಸಿರಾಡುತ್ತಲೇ ಬಂದು ತಲುಪುತ್ತಿದ್ದರು. ಸೇನೆಯ ದೃಷ್ಟಿಯಲ್ಲಿ ಇದು ಗೆಲುವು, ಅನುಮಾನವಿಲ್ಲ. ಆದರೆ ಅದಕ್ಕೆ ಇನ್ನೊಂದು ಮುಖವಿತ್ತು. ಹಿಂದಿನ ಯುದ್ಧಗಳ ನರ್ಸುಗಳ ಕಣ್ಣಿಗೆ ಬೀಳದಿದ್ದ ಗಾಯಗಳು ಇವರ ಮುಂದೆ ಬಂದು ಮಲಗಿದವು.

ಅಲ್ಲಿನ ವಿಂಗಡಣೆಯಲ್ಲಿ ಒಂದು ಗುಂಪಿತ್ತು: ಬದುಕುವ ಸಾಧ್ಯತೆ ತೀರಾ ಕಡಿಮೆ, ಉಳಿಸಲು ಹೊರಟರೆ ಶಸ್ತ್ರಚಿಕಿತ್ಸೆಯ ಮೇಜು, ರಕ್ತ, ಗಂಟೆಗಟ್ಟಲೆ ಸಮಯ ಬೇಕು, ಅಷ್ಟರಲ್ಲಿ ಬದುಕಬಹುದಾದ ಮೂವರು ಸಾಯುತ್ತಾರೆ. ಅಂಥವರನ್ನು ಪಕ್ಕಕ್ಕೆ, ಸಾಮಾನ್ಯವಾಗಿ ಒಂದು ಪರದೆಯ ಹಿಂದೆ, ಮಲಗಿಸುತ್ತಿದ್ದರು. ನೋವಿಗೆ ಮಾರ್ಫಿನ್ ಕೊಟ್ಟು, ಯಾರಾದರೂ ಬಿಡುವಾದರೆ ಕೈ ಹಿಡಿದುಕೊಂಡು ಕೂರುತ್ತಿದ್ದರು. ವೈದ್ಯರೆಲ್ಲ ಆಪರೇಷನ್ ಥಿಯೇಟರಿನಲ್ಲಿ ಮುಳುಗಿದಾಗ ಈ ವಿಂಗಡಣೆ ನರ್ಸ್‌ನ ಪಾಲಿಗೆ ಬರುತ್ತಿದ್ದುದೂ ಉಂಟು.

ಲೆಕ್ಕ ಸರಿಯೇ. ನಾನು ಎಷ್ಟು ಸಲ ಯೋಚಿಸಿದರೂ ಆ ಲೆಕ್ಕದಲ್ಲಿ ತಪ್ಪು ಕಾಣುವುದಿಲ್ಲ. ಒಬ್ಬನಿಗಾಗಿ ಮೂವರನ್ನು ಕಳೆದುಕೊಳ್ಳುವುದು ನ್ಯಾಯವಲ್ಲ. ಆದರೆ ಇಪ್ಪತ್ತೆರಡರ ಒಬ್ಬ ಹುಡುಗಿ ಹತ್ತೊಂಬತ್ತರ ಒಬ್ಬ ಹುಡುಗನನ್ನು ಪರದೆಯ ಹಿಂದೆ ತಳ್ಳಿಸಿದಾಗ ಅವಳ ಮನಸ್ಸಿನಲ್ಲಿ ಉಳಿಯುವುದು ಬದುಕಿದ ಮೂವರಲ್ಲ. ಬದುಕಿದವರು ವಿಮಾನ ಹತ್ತಿ ಹೋಗುತ್ತಾರೆ, ಅವರ ಹೆಸರೂ ನೆನಪಿರುವುದಿಲ್ಲ. ಪರದೆಯ ಹಿಂದಿನವನು ಹೋಗುವುದೇ ಇಲ್ಲ. ಇನ್ನೊಂದು ಮಾತು. ನಮ್ಮ ಕಾಲೇಜುಗಳಲ್ಲಿ ಬಣ್ಣದ ಚೀಟಿಯನ್ನು ಕಟ್ಟಲು ಕಲಿಸುತ್ತಾರೆ. ಕಟ್ಟಿದ ಮೇಲೆ ಆ ರೋಗಿಯ ಪಕ್ಕದಲ್ಲಿ ಏನು ಮಾಡಬೇಕು, ಮರುದಿನ ಬೆಳಿಗ್ಗೆ ಎದ್ದು ಏನೆಂದು ಯೋಚಿಸಬೇಕು ಎಂದು ಕಲಿಸುವುದಿಲ್ಲ. ನಾನೂ ಮೇಷ್ಟರಾಗಿದ್ದವನೇ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ವಿಂಗಡಣೆಯ ಮೂಲ ಪುರುಷ ಎಂದು ಹೇಳುವುದು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆಯನ್ನು. ಅವನ ನಿಯಮ ಸರಳ: ಯಾರ ಗಾಯ ಹೆಚ್ಚು ಅಪಾಯದ್ದೋ ಅವನಿಗೆ ಮೊದಲು. ಅಧಿಕಾರಿಯೋ ಸಿಪಾಯಿಯೋ ಎಂದು ಕೇಳುವಂತಿಲ್ಲ. ಶತ್ರುವಿನ ಕಡೆಯವನಿಗೂ ಅದೇ ಲೆಕ್ಕ. ವಾಟರ್ಲೂ ಕದನದಲ್ಲಿ ಲಾರೆ ಪ್ರಷ್ಯನ್ನರ ಕೈಗೆ ಸಿಕ್ಕಿದ, ಕೊಲ್ಲುವ ಹಂತಕ್ಕೂ ಹೋಯಿತು. ಅಷ್ಟರಲ್ಲಿ ಅವನ ಗುರುತು ಸಿಕ್ಕಿ ಪ್ರಷ್ಯನ್ ಸೇನಾಪತಿ ಬ್ಲೂಷರ್ ಅವನನ್ನು ಬಿಡಿಸಿದ. ಆ ಬ್ಲೂಷರನ ಮಗನಿಗೆ ಹಿಂದೊಮ್ಮೆ ಚಿಕಿತ್ಸೆ ಮಾಡಿದವನು ಇದೇ ಲಾರೆ. ಇತಿಹಾಸದಲ್ಲಿ ಇಂಥ ಕಥೆಗಳು ಅಪರೂಪ, ಸಿಕ್ಕಾಗ ಹೇಳಿಬಿಡಬೇಕು.

ಆದರೆ ಸೇನೆಗಳಿಗೆ ಲಾರೆಯ ನಿಯಮ ಸದಾ ಒಗ್ಗಲಿಲ್ಲ. ಯುದ್ಧದಲ್ಲಿ ಇನ್ನೊಂದು ಲೆಕ್ಕವಿದೆ: ಯಾರನ್ನು ಬೇಗ ವಾಸಿ ಮಾಡಿದರೆ ಬೇಗ ಮುಂಚೂಣಿಗೆ ಮರಳಿಸಬಹುದು? ಇದಕ್ಕೆ ವೈದ್ಯಕೀಯ ನೀತಿಯ ತರಗತಿಗಳಲ್ಲಿ ಪದೇ ಪದೇ ಬರುವ ಉದಾಹರಣೆ 1943ರ ಉತ್ತರ ಆಫ್ರಿಕಾ. ಪೆನಿಸಿಲಿನ್ ಆಗಷ್ಟೇ ಬಂದಿತ್ತು, ಸಿಗುತ್ತಿದ್ದುದು ಚಿಟಿಕೆಯಷ್ಟು. ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ನಂತರ ಬರೆದ ಪ್ರಕಾರ, ಅದನ್ನು ಯುದ್ಧದಲ್ಲಿ ಗಾಯಗೊಂಡು ಕೀವಾದವರಿಗೆ ಕೊಡಲಿಲ್ಲ, ಗುಹ್ಯರೋಗ ಹತ್ತಿಸಿಕೊಂಡ ಸೈನಿಕರಿಗೆ ಕೊಟ್ಟರು. ಅವರು ಕೆಲವೇ ದಿನಗಳಲ್ಲಿ ಬಂದೂಕು ಹಿಡಿಯಬಲ್ಲವರು. ಸಭೆಯಲ್ಲಿ ಕೆಲವರು ನಗುತ್ತಿದ್ದೀರಿ. ಆ ವಾರ್ಡಿನ ನರ್ಸಿನ ಜಾಗದಲ್ಲಿ ನಿಂತು ನೋಡಿ, ನಗು ಬರುವುದಿಲ್ಲ. ಒಂದು ಹಾಸಿಗೆಯಲ್ಲಿ ತೊಡೆ ಕೊಳೆಯುತ್ತಿರುವವನು, ಪಕ್ಕದ ಹಾಸಿಗೆಯಲ್ಲಿ ಸೂಳೆಗೇರಿಗೆ ಹೋಗಿ ಬಂದವನು. ಸಿರಿಂಜು ಎರಡನೆಯವನಿಗೆ.

1949ರ ಜಿನೀವಾ ಒಪ್ಪಂದ ಈ ಗೊಂದಲಕ್ಕೆ ಒಂದು ಗೆರೆ ಎಳೆಯಿತು. ಮೊದಲನೇ ಒಪ್ಪಂದದ 12ನೇ ವಿಧಿ ಹೇಳುವುದು, ತುರ್ತು ವೈದ್ಯಕೀಯ ಕಾರಣಗಳನ್ನು ಬಿಟ್ಟು ಬೇರೆ ಯಾವ ಕಾರಣಕ್ಕೂ ಒಬ್ಬರಿಗೆ ಮೊದಲು ಚಿಕಿತ್ಸೆ ಕೊಡುವಂತಿಲ್ಲ ಎಂದು. ನಮ್ಮವನು, ಅವರವನು ಎಂಬ ಭೇದವೂ ಸಲ್ಲದು. ಕಾಗದದ ಮೇಲೆ ಲಾರೆ ಗೆದ್ದ.

ಅಫ್ಘಾನಿಸ್ತಾನದಲ್ಲಿ ಏನಾಯಿತು ನೋಡಿ. ಹೆಲ್ಮಂಡ್‌ನ ಕ್ಯಾಂಪ್ ಬಾಸ್ಟಿಯನ್‌ನಂಥ ಪಾಶ್ಚಾತ್ಯ ಸೇನಾ ಆಸ್ಪತ್ರೆಗಳು ಜಗತ್ತಿನ ಅತ್ಯುತ್ತಮ ಅಪಘಾತ ಚಿಕಿತ್ಸಾ ಕೇಂದ್ರಗಳ ಸಾಲಿಗೆ ಸೇರಿದ್ದವು. ಕೈಕಾಲು ಕಳೆದುಕೊಂಡವರೂ ಅಲ್ಲಿ ಬದುಕಿದರು. ಆದರೆ ಹಾಸಿಗೆಗಳು ಕೆಲವೇ. ಆದ್ದರಿಂದ ಯಾರನ್ನು ಸೇರಿಸಿಕೊಳ್ಳಬಹುದು ಎಂಬುದಕ್ಕೆ ನಿಯಮಗಳಿದ್ದವು. ಸ್ಥಳೀಯ ನಾಗರಿಕರಾದರೆ, ಆ ಪಾಶ್ಚಾತ್ಯ ಸೇನೆಗಳ ಕಾರ್ಯಾಚರಣೆಯಿಂದಲೇ ಗಾಯವಾಗಿರಬೇಕು, ಇಲ್ಲವೇ ಜೀವ, ಕೈಕಾಲು, ಕಣ್ಣು ಹೋಗುವ ಸ್ಥಿತಿ ಇರಬೇಕು. ಸೇರಿಸಿಕೊಂಡರೂ ಆದಷ್ಟು ಬೇಗ ಸ್ಥಳೀಯ ಆಸ್ಪತ್ರೆಗೆ ಕಳುಹಿಸಬೇಕು, ಏಕೆಂದರೆ ಮುಂದಿನ ಹೆಲಿಕಾಪ್ಟರಿನಲ್ಲಿ ಅವರದೇ ಸೈನಿಕರು ಬರಬಹುದು.

ಸ್ಥಳೀಯ ಆಸ್ಪತ್ರೆಯಲ್ಲಿ ಏನಿತ್ತು? ಬಹಳ ಸಲ ವೆಂಟಿಲೇಟರ್ ಇರಲಿಲ್ಲ, ಸುಟ್ಟಗಾಯಗಳ ಆರೈಕೆ ಬಲ್ಲವರಿರಲಿಲ್ಲ. ಸೀಮೆಎಣ್ಣೆ ಒಲೆ ಸಿಡಿದು ಸುಟ್ಟುಕೊಂಡ ಮಗು ಗೇಟಿನವರೆಗೆ ಬಂದರೆ, ಆ ಗಾಯ ಬಾಂಬಿನಿಂದ ಆದದ್ದಲ್ಲ, ಕೂಡಲೇ ಜೀವ ತೆಗೆಯುವಂಥದ್ದೂ ಅಲ್ಲ ಎಂದುಕೊಳ್ಳಿ. ನಿಯಮದ ಪ್ರಕಾರ ಅದು ಆ ಆಸ್ಪತ್ರೆಯ ಹೊಣೆಯಲ್ಲ. ಒಳಗೆ, ಅದೇ ಹೊತ್ತಿನಲ್ಲಿ, ರಸ್ತೆಯಲ್ಲಿ ಬಾಂಬ್ ಹುಗಿಯುವಾಗ ಗಾಯಗೊಂಡ ತಾಲಿಬಾನ್ ಹೋರಾಟಗಾರನಿಗೆ ಒಪ್ಪಂದದ ಪ್ರಕಾರ ಪೂರ್ತಿ ಚಿಕಿತ್ಸೆ. ಅವನಿಗೂ ಚಿಕಿತ್ಸೆ ಸಿಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇವೆರಡನ್ನೂ ಒಂದೇ ಪಾಳಿಯಲ್ಲಿ ಮಾಡಿ ಮುಗಿಸಬೇಕಾದ ನರ್ಸ್ ಒಬ್ಬಳೇ. ನಿಯಮ ಬರೆದವರು ಗೇಟಿನ ಹತ್ತಿರ ಬರಲಿಲ್ಲ. ಮಗುವಿನ ತಂದೆಗೆ ಇಲ್ಲ ಎಂದು ಹೇಳುವ ಕೆಲಸ ನಿಯಮ ಬರೆದವರದಾಗಿರಲಿಲ್ಲ.

ಮೆಡಿಕ್‌ನ ಪಾಡು ಇದಕ್ಕಿಂತ ಬೇರೆ. ನಮ್ಮ ಸೇನೆಯಲ್ಲಿ ಅವನನ್ನು ನರ್ಸಿಂಗ್ ಅಸಿಸ್ಟೆಂಟ್ ಎನ್ನುತ್ತಾರೆ, ಇಲ್ಲಿ ಕುಳಿತಿರುವ ಹಿರಿಯರಿಗೆ ಗೊತ್ತು. ಅವನು ತುಕಡಿಯ ಜೊತೆಗೇ ನಡೆಯುತ್ತಾನೆ, ಅವರ ಜೊತೆಗೇ ಉಣ್ಣುತ್ತಾನೆ. ನರ್ಸ್‌ಗೆ ಗಾಯಾಳು ಅಪರಿಚಿತ, ಇವನಿಗೆ ನಿನ್ನೆ ರಾತ್ರಿ ಇಸ್ಪೀಟು ಆಡಿದ ಗೆಳೆಯ. ಅಂತರರಾಷ್ಟ್ರೀಯ ಕಾನೂನು ಅವನಿಗೆ ಸಣ್ಣ ಆಯುಧ ಇಟ್ಟುಕೊಳ್ಳಲು ಬಿಡುತ್ತದೆ, ತನ್ನನ್ನೂ ತನ್ನ ರೋಗಿಯನ್ನೂ ಕಾಪಾಡಿಕೊಳ್ಳಲು ಮಾತ್ರ. ಶತ್ರುವಿನ ಮೇಲೆ ದಾಳಿಗೆ ಇಳಿದರೆ ಅವನ ರಕ್ಷಣೆ ಹೋಯಿತು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಅಮೆರಿಕದ ಮೆಡಿಕ್‌ಗಳು ತೋಳಿನ ಕೆಂಪು ಶಿಲುಬೆಯ ಪಟ್ಟಿಯನ್ನೇ ತೆಗೆದುಬಿಟ್ಟರು, ಅದು ಗುಂಡಿಗೆ ಗುರಿಯಾಗುತ್ತಿತ್ತು ಎಂದು. ಪಟ್ಟಿ ಹೋದ ಮೇಲೆ, ಕೈಯಲ್ಲಿ ರೈಫಲ್ ಇರುವಾಗ, ಮೊದಲು ಗುಂಡು ಹಾರಿಸಬೇಕೋ ಬ್ಯಾಂಡೇಜು ಬಿಚ್ಚಬೇಕೋ ಎಂಬ ಪ್ರಶ್ನೆ ಬೇರೆಯವರು ಅವನಿಗಾಗಿ ಬಿಡಿಸುವುದಿಲ್ಲ. ವಿಯೆಟ್ನಾಂನಲ್ಲಿ ಕೊಲ್ಲುವುದಿಲ್ಲ ಎಂದು ಧಾರ್ಮಿಕ ಕಾರಣಕ್ಕೆ ಬಂದೂಕು ಮುಟ್ಟದೆ ಮೆಡಿಕ್ ಆದವರಿದ್ದರು. ಅವರಲ್ಲೊಬ್ಬ, ಥಾಮಸ್ ಬೆನೆಟ್, 1969ರಲ್ಲಿ ಗಾಯಾಳುಗಳತ್ತ ಓಡುತ್ತಲೇ ಸತ್ತ. ಅಮೆರಿಕದ ಅತ್ಯುನ್ನತ ಶೌರ್ಯಪದಕ ಅವನಿಗೆ ಸಿಕ್ಕಿತು.

ವಿದ್ವಾಂಸರು ಈ ಎಲ್ಲದರ ಬಗ್ಗೆ ತಡವಾಗಿಯಾದರೂ ಬರೆದಿದ್ದಾರೆ. 1984ರಲ್ಲಿ ಆಂಡ್ರ್ಯೂ ಜೇಮ್ಟನ್ ನರ್ಸುಗಳ ಬಗ್ಗೆ ಹೇಳಿದ್ದು: ಸರಿಯಾದದ್ದು ಯಾವುದೆಂದು ಗೊತ್ತಿದೆ, ಸಂಸ್ಥೆಯ ಕಟ್ಟುಪಾಡು ಅದನ್ನು ಮಾಡಲು ಬಿಡುವುದಿಲ್ಲ, ಆಗ ಹುಟ್ಟುವ ಸಂಕಟವೇ ಬೇರೆ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಮಾಡಿದ ಮನೋವೈದ್ಯ ಜೊನಾಥನ್ ಶೇ, ಮೇಲಿನವರು ನ್ಯಾಯವನ್ನು ಕೈಬಿಟ್ಟಾಗ ಕೆಳಗಿನವರ ಮನಸ್ಸಿಗೆ ಆಗುವ ಗಾಯವನ್ನು ಗುರುತಿಸಿದರು. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ಅದನ್ನು ಇನ್ನಷ್ಟು ಹಿಗ್ಗಿಸಿ, ತಾನೇ ಮಾಡಿದ್ದು, ತಡೆಯಲಾಗದೆ ಹೋದದ್ದು, ಕಣ್ಣಾರೆ ಕಂಡದ್ದು, ಇವೆಲ್ಲ ಗಾಯ ಮಾಡಬಲ್ಲವು ಎಂದರು. ನನ್ನ ಮಟ್ಟಿಗೆ ಶೇ ಹೇಳಿದ್ದೇ ಹೆಚ್ಚು ಮುಖ್ಯ. ಲಿಟ್ಜ್ ಅವರ ವಿವರಣೆಯಲ್ಲಿ ಮೇಲಿನವರು ಸ್ವಲ್ಪ ಮಸುಕಾಗಿ, ಎಲ್ಲವೂ ವ್ಯಕ್ತಿಯ ಮನಸ್ಸಿನೊಳಗಿನ ವ್ಯವಹಾರವಾಗಿಬಿಡುತ್ತದೆ.

ಚಿಕಿತ್ಸೆಯ ದೃಷ್ಟಿಯಿಂದಲೂ ಇದು ಸಣ್ಣ ವ್ಯತ್ಯಾಸವಲ್ಲ. ಭಯದಿಂದ ನರಳುವವನಿಗೆ ‘ಅಪಾಯ ಮುಗಿದಿದೆ, ನೀನೀಗ ಮನೆಯಲ್ಲಿದ್ದೀಯೆ’ ಎಂದು ಮನಸ್ಸಿಗೆ ನಿಧಾನವಾಗಿ ಕಲಿಸಬಹುದು. ರೋಗಿಯನ್ನು ಬಿಟ್ಟು ಬಂದವಳಿಗೆ ಅದನ್ನು ಹೇಳಿ ಏನು ಪ್ರಯೋಜನ? ಅಪಾಯ ಮುಗಿದಿದೆ ಎಂದು ಅವಳಿಗೂ ಗೊತ್ತು. ‘ನಿನ್ನ ತಪ್ಪಲ್ಲ’ ಎಂದರೂ ಕೇಳಿಸುವುದಿಲ್ಲ, ಏಕೆಂದರೆ ಕೈ ಅವಳದೇ ಆಗಿತ್ತು. ಮನಸ್ಸು ಗಟ್ಟಿ ಮಾಡಿಕೋ ಎನ್ನುವ ತರಬೇತಿಗಳು ಈಗ ಹಲವು ಸೇನೆಗಳಲ್ಲಿ ಇವೆ. ನನಗೆ ಅವುಗಳ ಮೇಲೆ ಅಷ್ಟು ಭರವಸೆಯಿಲ್ಲ. ಕೆಟ್ಟ ನಿಯಮವನ್ನು ಹಾಗೆಯೇ ಇಟ್ಟುಕೊಂಡು, ಅದನ್ನು ಜಾರಿ ಮಾಡುವವಳ ಮನಸ್ಸನ್ನು ಮಾತ್ರ ದಪ್ಪ ಮಾಡಲು ಹೊರಟಂತೆ ಅದು.

ಮರಳಿ ಬಂದ ನರ್ಸುಗಳಿಗೆ ಇನ್ನೊಂದು ಕಷ್ಟ ಕಾದಿತ್ತು. ನೀನೇನು ಯುದ್ಧ ಮಾಡಿದೆಯಾ ಎಂಬ ಪ್ರಶ್ನೆ. ಯುದ್ಧೋತ್ತರ ಮಾನಸಿಕ ಆಘಾತಕ್ಕೆ ಅಮೆರಿಕದ ರೋಗನಿರ್ಣಯ ಕೈಪಿಡಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ, ಮುಖ್ಯವಾಗಿ ಕಾದಾಡಿದ ಗಂಡಸರ ಒತ್ತಾಯದಿಂದ. ಆ ದಶಕದ ಕೊನೆಯಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಮಹಿಳೆಯರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ವಿಯೆಟ್ನಾಂನಲ್ಲಿದ್ದ ಗಂಡಸರಲ್ಲಿ ಶೇ 30.9 ಮಂದಿ, ಹೆಂಗಸರಲ್ಲಿ ಶೇ 26.9 ಮಂದಿ ಬದುಕಿನ ಯಾವುದಾದರೊಂದು ಹಂತದಲ್ಲಿ ಆ ಆಘಾತಕ್ಕೆ ಒಳಗಾಗಿದ್ದರು. ಆ ಹೆಂಗಸರಲ್ಲಿ ಬಹುಪಾಲು ನರ್ಸುಗಳು. ಬಂದೂಕು ಹಿಡಿಯದವರಿಗೂ ಹಿಡಿದವರಿಗೂ ನಡುವೆ ಇಷ್ಟೇ ಅಂತರ.

ಡಯಾನ್ ಕಾರ್ಲ್‌ಸನ್ ಇವಾನ್ಸ್ ಎಂಬ ನರ್ಸ್ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಬಳಿ ಮಹಿಳೆಯರಿಗೂ ಒಂದು ಪ್ರತಿಮೆ ಬೇಕೆಂದು ಸುಮಾರು ಹತ್ತು ವರ್ಷ ಓಡಾಡಿದರು. ಕಲಾ ಆಯೋಗ ಒಮ್ಮೆ ಅದನ್ನು ತಿರಸ್ಕರಿಸಿತು ಕೂಡ. 1993ರ ನವೆಂಬರ್ 11ರಂದು ಅದು ಅನಾವರಣಗೊಂಡಾಗ ನಾನಾ ಕಡೆಗಳಿಂದ ನರ್ಸುಗಳು ಬಂದರು. ಗಾಯಗೊಂಡ ಸೈನಿಕನನ್ನು ಒಬ್ಬಳು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಳೆ. ಇನ್ನೊಬ್ಬಳು ಆಕಾಶ ನೋಡುತ್ತ ನಿಂತಿದ್ದಾಳೆ, ಬಹುಶಃ ಹೆಲಿಕಾಪ್ಟರಿಗಾಗಿ. ಮೂರನೆಯವಳು ಹಿಂದೆ ಮಂಡಿಯೂರಿ ತಲೆ ತಗ್ಗಿಸಿದ್ದಾಳೆ. ಶಿಲ್ಪಿ ಗ್ಲೆನಾ ಗುಡೇಕರ್ ಆ ಮೂರನೆಯವಳನ್ನು ಬಿಡದಿದ್ದುದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

ನಮ್ಮ ಕಡೆ ಬರೋಣ. ಭಾರತದ ಮಿಲಿಟರಿ ನರ್ಸಿಂಗ್ ಸೇವೆಗೆ 1888ರ ಬೇರಿದೆ, ಬ್ರಿಟನ್ನಿನಿಂದ ಹತ್ತು ನರ್ಸುಗಳು ಬೊಂಬಾಯಿಗೆ ಬಂದಿಳಿದ ವರ್ಷ ಅದು. ಕೊಡಗಿನ ಈ ಸಭೆಯಲ್ಲಿ ಕೊರಿಯಾ ಯುದ್ಧದ ಮಾತು ಬಂದರೆ ಎಲ್ಲರಿಗೂ ಜನರಲ್ ತಿಮ್ಮಯ್ಯ ನೆನಪಾಗುತ್ತಾರೆ, 1953ರಲ್ಲಿ ಅಲ್ಲಿನ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು. ಅವರಿಗಿಂತ ಮೊದಲೇ, 1950ರ ಕೊನೆಯಲ್ಲಿ, ಅಲ್ಲಿಗೆ ಹೋದದ್ದು 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್. ಭಾರತ ಕಾದಾಡುವ ಸೈನ್ಯ ಕಳುಹಿಸಲಿಲ್ಲ, ವೈದ್ಯಕೀಯ ದಳವನ್ನು ಮಾತ್ರ ಕಳುಹಿಸಿತು. ಅದರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಪ್ಯೊಂಗ್‌ಯಾಂಗ್‌ನಿಂದ ಎಲ್ಲರೂ ಹಿಮ್ಮೆಟ್ಟುವಾಗ ಇವರಿಗೆ ವಾಹನ ಸಿಗಲಿಲ್ಲ. ಔಷಧ, ಉಪಕರಣಗಳನ್ನು ಬಿಟ್ಟು ಹೊರಡಲು ಒಪ್ಪದೆ ಒಂದು ರೈಲು ಎಂಜಿನ್ ಹುಡುಕಿ, ತಾವೇ ಅದನ್ನು ನಡೆಸಿಕೊಂಡು ದಕ್ಷಿಣಕ್ಕೆ ತಂದರು. ಸೈನಿಕರಿಗಷ್ಟೇ ಅಲ್ಲ, ದೇಗು ಊರಿನಲ್ಲಿ ನಾಗರಿಕರಿಗೂ ಚಿಕಿತ್ಸೆ ನಡೆಸಿದರು. ಈ ದಳಕ್ಕೆ ಪದಕಗಳು ಬಂದವು, ಕಥೆಗಳು ಉಳಿದವು. ಆದರೆ ಆ ಮೂರು ವರ್ಷಗಳಲ್ಲಿ ಅವರ ಮನಸ್ಸಿಗೆ ಏನಾಯಿತು ಎಂದು ಕೂರಿಸಿಕೊಂಡು ಕೇಳುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ನಿಮ್ಮ ಮನೆಯಲ್ಲಿ ಸೇನೆಯ ವೈದ್ಯಕೀಯ ದಳದಲ್ಲಿದ್ದು ಬಂದವರಿದ್ದರೆ ಪದಕದ ಬಗ್ಗೆ ಕೇಳಿರುತ್ತೀರಿ. ಯಾವ ಆಜ್ಞೆ ಪಾಲಿಸಲು ಕಷ್ಟವಾಯಿತು ಎಂದು ಕೇಳಿದ್ದೀರಾ?

ಇನ್ನು ಕೊನೆಯ ಉದಾಹರಣೆ. ಶರಶಯ್ಯೆಯ ಮೇಲಿದ್ದ ಭೀಷ್ಮನ ಬಳಿಗೆ ದುರ್ಯೋಧನ ಬಾಣ ಕೀಳಬಲ್ಲ ವೈದ್ಯರನ್ನು ಕರೆತರುತ್ತಾನೆ. ಭೀಷ್ಮ ಅವರಿಗೆ ಸತ್ಕಾರ ಮಾಡಿ ಕಳುಹಿಸಿಬಿಡು ಎನ್ನುತ್ತಾನೆ. ವೈದ್ಯರು ಮರಳಿ ಹೋಗುತ್ತಾರೆ. ರೋಗಿ ಬೇಡವೆಂದ ಮೇಲೆ ಮಾತು ಮುಗಿಯಿತು.

ಅಮೆರಿಕದ ಸೇನೆಯ ಸೆರೆಮನೆಯಾದ ಗ್ವಾಂಟನಾಮೊದಲ್ಲಿ ಮುಗಿಯಲಿಲ್ಲ. 2013ರಲ್ಲಿ ಅಲ್ಲಿನ ನೂರಕ್ಕೂ ಹೆಚ್ಚು ಬಂದಿಗಳು ಉಪವಾಸ ಕೂತರು. ಕುರ್ಚಿಗೆ ಬಿಗಿದು, ಮೂಗಿನ ಮೂಲಕ ನಳಿಕೆ ಇಳಿಸಿ ಆಹಾರ ಹಾಕುವ ಆಜ್ಞೆ ಆಯಿತು. ಬುದ್ಧಿ ಸ್ವಾಧೀನದಲ್ಲಿರುವ ಬಂದಿಗೆ ಬಲವಂತದ ಆಹಾರ ಕೂಡದು ಎಂದು ವಿಶ್ವ ವೈದ್ಯಕೀಯ ಸಂಘ 1975ರಲ್ಲೇ ಟೋಕಿಯೊದಲ್ಲಿ ಘೋಷಿಸಿತ್ತು. ನಳಿಕೆ ಇಳಿಸುವುದು ಯಾರ ಕೆಲಸ? ನಿಮಗೆ ಗೊತ್ತೇ ಇದೆ. 2014ರಲ್ಲಿ ನೌಕಾಪಡೆಯ ಒಬ್ಬ ನರ್ಸ್ ಇನ್ನು ಮುಂದೆ ನಾನಿದನ್ನು ಮಾಡುವುದಿಲ್ಲ ಎಂದರು. ಅವರನ್ನು ಅಲ್ಲಿಂದ ವಾಪಸು ಕಳುಹಿಸಿದರು, ಸೇವೆಯಿಂದ ತೆಗೆಯುವ ಮಾತೂ ಬಂತು. ಅಮೆರಿಕದ ನರ್ಸುಗಳ ಸಂಘ ರಕ್ಷಣಾ ಸಚಿವರಿಗೆ ಪತ್ರ ಬರೆದು ಅವರ ಪರ ನಿಂತಿತು. ಕೊನೆಗೆ ಕ್ರಮ ಕೈಬಿಡಲಾಯಿತು. 2015ರಲ್ಲಿ ರಕ್ಷಣಾ ಇಲಾಖೆಯದೇ ಸಲಹಾ ಮಂಡಳಿ, ವೃತ್ತಿಧರ್ಮಕ್ಕೆ ವಿರುದ್ಧವಾದ ಕೆಲಸದಿಂದ ಹಿಂದೆ ಸರಿಯಲು ವೈದ್ಯಕೀಯ ಸಿಬ್ಬಂದಿಗೆ ಅವಕಾಶ ಇರಬೇಕು ಎಂದು ಶಿಫಾರಸು ಮಾಡಿತು. ನೆಸ್ಬಿಟ್ ಅವರ ಹಟ ನೆನಪಿದೆಯಲ್ಲ? ಅವರದು ಒಂಟಿ ದನಿ. ಈ ನರ್ಸ್‌ಗೆ ಬೆನ್ನಿಗೆ ಒಂದು ವೃತ್ತಿ ಸಂಘವಿತ್ತು. ಫಲ ಏನಾಯಿತು ಎಂಬುದಕ್ಕಿಂತ, ನಿಲ್ಲಲು ಒಂದು ನೆಲ ಸಿಕ್ಕಿದ್ದು ದೊಡ್ಡದು.

ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, ‘ಸರ್, ನಮ್ಮ ದೇಶದಲ್ಲಿ ಹೀಗೆ ನಿರಾಕರಿಸಬಹುದೇ?’ ಎಂದು ಕೇಳಿದರು. ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.

1950ರ ಸೇನಾ ಕಾಯ್ದೆಯ 41ನೇ ಕಲಂ ಶಿಕ್ಷೆ ವಿಧಿಸುವುದು ಮೇಲಧಿಕಾರಿಯ ಕಾನೂನುಬದ್ಧ ಆಜ್ಞೆಯನ್ನು ಮೀರಿದರೆ. ‘ಕಾನೂನುಬದ್ಧ’ ಎಂಬುದು ಅಲ್ಲಿ ಸುಮ್ಮನೆ ಕೂತಿಲ್ಲ. ಜಿನೀವಾ ಒಪ್ಪಂದಗಳ ಗಂಭೀರ ಉಲ್ಲಂಘನೆ ನಮ್ಮಲ್ಲಿ 1960ರ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಗಾಯಗೊಂಡ ಶತ್ರುವನ್ನು ಕೊಲ್ಲು, ಹಿಂಸಿಸಲು ಸಹಾಯ ಮಾಡು ಎಂದು ಯಾರಾದರೂ ಹೇಳಿದರೆ ಕಾನೂನು ನಿಮ್ಮ ಕಡೆ ಇದೆ. ಆದರೆ ನಿಮಗೆ ಬರುವ ಆಜ್ಞೆಗಳು ಅಂಥವಾಗಿರುವುದಿಲ್ಲ. ಈ ಹಾಸಿಗೆ ಖಾಲಿ ಮಾಡಿಸು, ಇವನನ್ನು ನಾಳೆ ಯೂನಿಟ್‌ಗೆ ವಾಪಸು ಕಳುಹಿಸು, ಅವನು ನಿದ್ದೆಯಿಲ್ಲ ಎನ್ನುವುದನ್ನು ಅಷ್ಟು ದೊಡ್ಡದು ಮಾಡಬೇಡ, ಇಂಥವು. ಇವು ಕಾನೂನುಬಾಹಿರವಲ್ಲ, ಪಾಲಿಸಬೇಕಾಗುತ್ತದೆ. ಆಗ ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಅಭಿಪ್ರಾಯವನ್ನು ಮೇಲಿನವರಿಗೆ ಹೇಳಿ. ಹೇಳಿದ ಮೇಲೆ ಕೇಸ್ ಶೀಟಿನಲ್ಲಿ ಬರೆಯಿರಿ: ರೋಗಿಯ ಸ್ಥಿತಿ ಹೀಗಿತ್ತು, ಇಷ್ಟು ಗಂಟೆಗೆ, ಇಂಥ ಅಧಿಕಾರಿಯ ಆಜ್ಞೆಯಂತೆ ಸ್ಥಳಾಂತರಿಸಲಾಯಿತು. ಸಿಟ್ಟಿನ ಪದ ಒಂದೂ ಬೇಡ. ಹೆಸರು, ಹುದ್ದೆ, ಸಮಯ ಸಾಕು. ಕೆಳಗೆ ನಿಮ್ಮ ಸಹಿ ಇರಲಿ, ಸಾಧ್ಯವಾದರೆ ಆಜ್ಞೆ ಕೊಟ್ಟವರ ಸಹಿಯನ್ನೂ ಹಾಕಿಸಿಕೊಳ್ಳಿ.